ಎಡಗಡೆಯಿಂದ ಬಂದ ಆನೆ

ನಮ್ಮ ಯಜಮಾನರ ಚೆಸ್ ಖಾತೆ ಮುಚ್ಚಿಹೋದ ಸುದ್ದಿ ನನಗೆ ಮುಟ್ಟಿದ್ದು ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ. ಅವತ್ತು ಶುಕ್ರವಾರ. ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮುಗಿಸಿಕೊಂಡು ಬಂದ ಹೆಂಗಸರಿಂದ ಸ್ಟ್ಯಾಂಡು ತುಂಬಿತ್ತು. ನಾನು ಶಾಲೆ ಮುಗಿಸಿ ಮಧುಗಿರಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಫೋನು ಬಂತು.

"ಲೇ, ನನ್ನ ಆಟ ನಿಲ್ಲಿಸ್ಬುಟ್ಟವ್ರೆ ಕಣೇ."

"ಯಾರು ನಿಲ್ಲಿಸಿದ್ದು?"

"ಅದೇ, ಟ್ಯಾಬ್‌ನಲ್ಲಿ ಆಡ್ತೀನಲ್ಲ, ಅವ್ರು. ಏನೋ ಇಂಗ್ಲಿಷ್‌ನಲ್ಲಿ ಕೆಂಪಗೆ ಬರ್ದವ್ರೆ. ನೀನು ಬೇಗ ಬಾ."

ಸ್ಟ್ರೋಕ್ ಆದಾಗಿನಿಂದ ಇವರ ಮಾತಿನಲ್ಲಿ ಏರಿಳಿತ ಕಮ್ಮಿಯಾಗಿತ್ತು. ಸಿಟ್ಟು ಬಂದರೂ, ನಗು ಬಂದರೂ ಒಂದೇ ದನಿ. ಆದರೆ ಆ ಸಂಜೆ ಫೋನಿನಲ್ಲಿ ಕೇಳಿದ ದನಿ ನಡುಗುತ್ತಿತ್ತು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಸುಮ್ಮಸುಮ್ಮನೆ ಯಾರಾದರೂ ಹಾಗೆ ನಿಲ್ಲಿಸುತ್ತಾರಾ?

ನಾನು ಮೇಷ್ಟ್ರಮ್ಮ. ಅನುಮಾನ ಪಡುವುದು ನನ್ನ ಕಸುಬಿನಲ್ಲೇ ಸೇರಿಕೊಂಡಿದೆ. ಪರೀಕ್ಷೆ ನಡೆಯುವಾಗ ಕೊಠಡಿಯ ಹಿಂದಿನಿಂದ ನಡೆದುಕೊಂಡು ಬಂದರೆ ಸಾಕು, ಯಾವ ಬೆನ್ನು ಬರೆಯುತ್ತಿದೆ, ಯಾವ ಬೆನ್ನು ನೋಡಿ ಬರೆಯುತ್ತಿದೆ ಅನ್ನುವುದು ತಿಳಿದುಬಿಡುತ್ತದೆ. ಇಬ್ಬರು ಮಕ್ಕಳು ಒಂದೇ ಲೆಕ್ಕವನ್ನು ಒಂದೇ ಥರ ತಪ್ಪು ಮಾಡಿದ್ದರೆ ಕರೆಸಿ ಕೇಳುತ್ತೇನೆ. ಮನೆಯಲ್ಲೂ ಆ ಕಣ್ಣು ಮುಚ್ಚಿಕೊಳ್ಳುವುದಿಲ್ಲ.

ಇವರು ಬಸ್ ಕಂಡಕ್ಟರು. ದೊಡ್ಡೇರಿ ಹೋಬಳಿಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ವರ್ಷಗಟ್ಟಲೆ ಪಾವಗಡದ ಕಡೆಗೇ ಡ್ಯೂಟಿ. ಅದರಲ್ಲೂ ನಿಡುಗಲ್ ಸೀಮೆಯ ಹಳ್ಳಿಗಳಿಗೆ ಹೋಗಿ ಅಲ್ಲೇ ತಂಗಿ, ಬೆಳಗ್ಗೆ ಜನರನ್ನು ಹತ್ತಿಸಿಕೊಂಡು ಬರುವ ಹಾಲ್ಟಿಂಗ್ ಬಸ್ಸು. ಜೊತೆಗಿದ್ದ ಡ್ರೈವರು ಶಿರಾದವರು. ಇವರು ಅವರನ್ನು ಭಾಯಿ ಅನ್ನುತ್ತಾರೆ, ಅವರು ಇವರನ್ನು ಕಂಡಕ್ಟ್ರೇ ಅನ್ನುತ್ತಾರೆ. ಹೊತ್ತು ಮುಳುಗುವ ಮುಂಚೆ ಊರು ಸೇರಿದ ಬಸ್ಸಿನ ಹಿಂದಿನ ಸೀಟಿನ ಮೇಲೆ ಇಬ್ಬರೂ ಚೆಸ್ ಮಣೆ ಹಾಸಿಕೊಂಡು ಕೂರುತ್ತಿದ್ದರಂತೆ. ಊರಿನವರು ಕಿಟಕಿಗೆ ಮುಖ ಒತ್ತಿಕೊಂಡು ನೋಡುತ್ತ "ಏಮಣ್ಣಾ, ರಾಜು ಸಚ್ಚಿಪೋಯಿನಾಡಾ?" ಎಂದು ತೆಲುಗಿನಲ್ಲಿ ರಾಜ ಸತ್ತನೋ ಬದುಕಿದ್ದಾನೋ ವಿಚಾರಿಸುವುದು, ಗೊತ್ತಿದ್ದವರು, ಗೊತ್ತಿಲ್ಲದವರು ಎಲ್ಲರೂ ಕುದುರೆ ತೆಗಿ, ಆನೆ ನಡೆಸು ಎಂದು ಹೇಳಿಕೊಡುವುದು. ನನಗೂ ಮದುವೆಯಾದ ಹೊಸತರಲ್ಲಿ ಆಟ ಕಲಿಸಿದ್ದರು. ನಾನು ಗೆದ್ದದ್ದು ಒಮ್ಮೆಯೂ ಇಲ್ಲ.

ಡ್ಯೂಟಿಯಲ್ಲಿದ್ದಾಗಲೇ ಇವರ ಎಡಗೈಯಿಂದ ಟಿಕೆಟ್ ಮಷಿನ್ನು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಭಾಯಿಯೇ ಬಸ್ಸನ್ನು ಪ್ರಯಾಣಿಕರ ಸಮೇತ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಜೀವ ಉಳಿಯಿತು. ಎಡಗೈ, ಎಡಗಾಲು ಸೋತವು. ತಿಂಗಳುಗಳು ಕಳೆದ ಮೇಲೆ ಕೋಲು ಹಿಡಿದು ಹಜಾರದ ತುದಿಯಿಂದ ತುದಿಗೆ ನಡೆಯುವ ಹಾಗಾದರು. ಎಡಗೈ ಮಾತ್ರ ಬೇರೆ ಯಾರದೋ ಎಂಬಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಹಗಲೆಲ್ಲ ಒಬ್ಬರೇ ಇರಬೇಕಲ್ಲ ಎಂದು ನನ್ನ ಟ್ಯಾಬ್‌ನಲ್ಲಿ ಚೆಸ್ ಆಡುವ ಒಂದು ತಾಣಕ್ಕೆ ಇವರ ಖಾತೆ ತೆರೆದುಕೊಟ್ಟವಳು ನಾನೇ.

ಮೊದಮೊದಲು ಸೋಲು. ಬರೀ ಸೋಲು. ಟ್ಯಾಬನ್ನು ದಿವಾನದ ಮೇಲೆ ಎಸೆದು ಗೋಡೆ ನೋಡಿಕೊಂಡು ಕೂರುತ್ತಿದ್ದರು. ಬೇಸಿಗೆ ರಜೆ ಮುಗಿದು ನಾನು ಶಾಲೆಗೆ ಹೊರಟ ಮೇಲೆ ಏನಾಯಿತೋ, ಗೆಲ್ಲತೊಡಗಿದರು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ವರದಿ: "ಇವತ್ತು ಒಬ್ಬ ರಷ್ಯಾದೋನು ಸಿಕ್ಕಿದ್ದ ಕಣಮ್ಮ, ಮಂತ್ರಿ ಹೊಡ್ದು ಕಳಿಸ್ದೆ." ನನಗೆ ಖುಷಿಯಾಯಿತು. ಆದರೆ ಒಂದು ಸಣ್ಣ ಮುಳ್ಳು ಆಗಲೇ ಚುಚ್ಚಿತ್ತು. ಭಾನುವಾರ ನಾನು ಮನೆಯಲ್ಲಿದ್ದಾಗ ಇವರು ಆಡುತ್ತಿರಲಿಲ್ಲ. ಅಪ್ಪಿತಪ್ಪಿ ಆಡಿದರೆ ಸೋಲುತ್ತಿದ್ದರು. ವಾರವೆಲ್ಲ ದೇಶ ದೇಶದವರನ್ನು ಸೋಲಿಸುವ ಮನುಷ್ಯ ಭಾನುವಾರ ಮಾತ್ರ ಯಾಕೆ ಎಡವುತ್ತಾರೆ?

ಮನೆಗೆ ಬಂದು ಟ್ಯಾಬ್ ತೆರೆದು ಓದಿದೆ. ನ್ಯಾಯವಾದ ಆಟದ ನಿಯಮಗಳನ್ನು ಮುರಿದಿರುವುದರಿಂದ ಖಾತೆಯನ್ನು ಮುಚ್ಚಲಾಗಿದೆ ಎಂದಿತ್ತು. ಕೆಳಗೆ ನಿಯಮಗಳು. ಆಟ ನಡೆಯುವಾಗ ಕಂಪ್ಯೂಟರ್ ಪ್ರೋಗ್ರಾಮಿನ ಸಹಾಯ ಪಡೆಯಬಾರದು, ಬಾಟ್ ಬಳಸಬಾರದು, ಬೇರೆ ಮನುಷ್ಯರಿಂದ ಹೇಳಿಸಿಕೊಳ್ಳಲೂಬಾರದು. ತಪ್ಪನ್ನು ಹೇಗೆ ಪತ್ತೆ ಮಾಡಿದೆವು ಎಂಬುದನ್ನು ನಾವು ತಿಳಿಸುವುದಿಲ್ಲ ಎಂಬ ಸಾಲೂ ಇತ್ತು. ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ.

"ಬಾಟ್ ಅಂದ್ರೆ?"

"ಮನುಷ್ಯರ ಹೆಸರಿಟ್ಟುಕೊಂಡು ಆಡೋ ಮಷಿನ್ನು."

"ನಾನು ಮಷಿನ್ನಾ? ಮಷಿನ್ ಆಗಿದ್ರೆ ಈ ಕೈ ರಿಪೇರಿಗೆ ಬುಡ್ಬೋದಿತ್ತಲ್ಲ!" ಅಂದವರು ಆಮೇಲೆ ನಗಲಿಲ್ಲ. "ನನ್ನ ಸರ್ವೀಸಲ್ಲಿ ಒಂದೇ ಒಂದು ಮೆಮೋ ಇಲ್ಲ ಕಣೇ. ಚೆಕಿಂಗ್ನೋರು ಎಲ್ಲೆಲ್ಲೋ ಗಿಡದ ಮರೇಲಿ ನಿಂತ್ಕಂಡು ಬಸ್ ಹತ್ತೋರು. ಒಬ್ರೂ ನನ್ನ ಮೇಲೆ ಬರೆಯಕ್ಕಾಗ್ಲಿಲ್ಲ. ಈಗ ಮುಖ ಕಾಣದೋರು ಬಂದು ಕಳ್ಳ ಅಂತಾರೆ. ನೀನು ಬರಿ ಅವ್ರಿಗೆ."

ಬರೆದೆ. ನನ್ನ ಯಜಮಾನರಿಗೆ ಪಾರ್ಶ್ವವಾಯು ಆಗಿದೆ, ಒಂದೇ ಕೈಯಲ್ಲಿ ಆಡುತ್ತಾರೆ, ಅವರಿಗೆ ಬೇರೆ ಪ್ರೋಗ್ರಾಮ್ ಹಾಕಿಕೊಳ್ಳಲು ತಿಳಿಯದು, ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ತಿದ್ದಿ ತಿದ್ದಿ ಕಳಿಸಿದೆ. ಒಗ್ಗರಣೆಗೆ ಸಾಸಿವೆ ಹಾಕಿ ಬರುವಷ್ಟರಲ್ಲಿ ಉತ್ತರ ಬಂದಿತ್ತು. ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ, ಸಂಪರ್ಕಿಸಿದ್ದಕ್ಕೆ ಧನ್ಯವಾದ, ಪರಿಶೀಲಿಸುತ್ತೇವೆ. ಅಷ್ಟು ಬೇಗ ಯಾರಿಗೆ ಅರ್ಥವಾಯಿತು? ಕೆಳಗೆ ಒಬ್ಬ ಹೆಂಗಸಿನ ಹೆಸರಿತ್ತು. ನನಗೆ ತಡೆಯಲಾಗಲಿಲ್ಲ. ನೀವು ಮನುಷ್ಯರೋ ಅಥವಾ ಮಷಿನ್ನೋ ಎಂದು ಮತ್ತೆ ಬರೆದೆ. ಸಂಪರ್ಕಿಸಿದ್ದಕ್ಕೆ ಧನ್ಯವಾದ, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ ಎಂದೇ ಮತ್ತೆ ಬಂತು. ಮಷಿನ್ನೇ ಕೂತು ಮನುಷ್ಯನನ್ನು ಮಷಿನ್ನೆಂದು ತೀರ್ಪು ಕೊಡುತ್ತಿದೆಯೇನೋ ಅನ್ನಿಸಿತು.

ಮುಂದಿನ ವಾರ ಬಂದ ಉತ್ತರ ಸ್ವಲ್ಪ ಬೇರೆ ಇತ್ತು. ತೀರ್ಮಾನ ಬದಲಾಗುವುದಿಲ್ಲ. ಆದರೆ ನಿಯಮ ಮುರಿದದ್ದನ್ನು ಒಪ್ಪಿಕೊಂಡರೆ ಹೊಸ ಖಾತೆ ತೆರೆದು ಮೊದಲಿನಿಂದ ಆಡಬಹುದು.

"ಒಪ್ಕೊಂಡುಬಿಡಿ. ಯಾರಿಗೆ ಗೊತ್ತಾಗುತ್ತೆ? ಆಟ ಆಡೋಕಾಗುತ್ತಲ್ಲ" ಅಂದೆ.

"ಮಾಡ್ದೇ ಇರೋದ್ನ ಹೆಂಗೆ ಒಪ್ಕಳ್ಳಲಿ?"

ಆ ಮಾತನ್ನು ಅವರು ಹೇಳಿದ ರೀತಿಗೆ ಯಾರಾದರೂ ನಂಬುತ್ತಿದ್ದರು. ನಾನು ಅರ್ಧ ನಂಬಿದೆ. ಇವರು ಸ್ನಾನಕ್ಕೆ ಹೋದಾಗ ಟ್ಯಾಬನ್ನೂ ಫೋನನ್ನೂ ತೆರೆದು ಒಂದೊಂದೇ ಆ್ಯಪ್ ನೋಡಿದೆ. ಚೆಸ್ ಇತ್ತು, ಯೂಟ್ಯೂಬ್‌ನಲ್ಲಿ ನಾಟಕಗಳಿದ್ದವು, ಹವಾಮಾನ ಇತ್ತು. ಬೇರೇನೂ ಇರಲಿಲ್ಲ. ಏನೂ ಸಿಗದಿದ್ದರೆ ಅನುಮಾನ ಸಾಯುವುದಿಲ್ಲ, ಇನ್ನೂ ಜಾಣವಾಗುತ್ತದೆ. ಆಟವಾದ ಮೇಲೆ ಅಳಿಸಿಹಾಕುತ್ತಿರಬಹುದೇ? ಪಕ್ಕದ ಮನೆಯವರು ಯಾರಾದರೂ ಬಂದು ಹೇಳಿಕೊಡುತ್ತಿರಬಹುದೇ? ಪಾಸಾಗಲು ಪರದಾಡುವ ಹುಡುಗ ಒಮ್ಮೆಲೇ ತರಗತಿಗೆಲ್ಲ ಮೊದಲಿಗನಾದರೆ ನಾನು ಬಿಡುತ್ತೇನೆಯೇ?

ಒಂದು ಸಂಜೆ ಅಟ್ಟದಿಂದ ಹಳೆಯ ಮಣೆ ಇಳಿಸಿ ಒರೆಸಿ ತಂದೆ.

"ಟ್ಯಾಬ್ ಹೋದ್ರೆ ಹೋಯ್ತು. ಬನ್ನಿ, ನನ್ನ ಜೊತೆ ಆಡಿ."

ಇವರು ನಕ್ಕರು. "ನಿನ್ನ ಜೊತೆ ಆಡೋದಾ! ಮಂತ್ರಿ ತೆಗೆದಿಟ್ಟು ಆಡ್ಲಾ?" ಅಂದರು. ಬೇಡ, ಪೂರಾ ಆಡಿ ಅಂದೆ. ಬಿಳಿ ಕಾಯಿ ಅವರದು. ಚೆನ್ನಾಗಿಯೇ ಶುರು ಮಾಡಿದರು. ಬಲಗಡೆ ಕುದುರೆ, ಒಂಟೆ ಎಲ್ಲ ಹೊರಟವು. ರಾಜನನ್ನು ಗೂಡಿಗೆ ಸೇರಿಸಿದರು. ನಾನು ಏನೂ ತೋಚದೆ ಅವರ ಎಡಗಡೆಯ ತುದಿಯ ಸಾಲಿನಲ್ಲಿ ನನ್ನ ಪದಾತಿಯನ್ನು ತಳ್ಳಿಕೊಂಡು ಹೋದೆ. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅದು ಪಕ್ಕದ ಸಾಲಿನ ಪದಾತಿಯನ್ನು ಹೊಡೆದು ಸರಿದಾಗ, ಹಿಂದಿದ್ದ ನನ್ನ ಆನೆಗೆ ಬಾಗಿಲು ತೆರೆಯಿತು. ಮಗುವಿಗೂ ಕಾಣುವಂಥದ್ದು. ಆನೆಯನ್ನು ಇಳಿಸಿ ಮೊದಲು ಅವರ ತುದಿಯ ಪದಾತಿಯನ್ನು, ಆಮೇಲೆ ಅವರ ಆನೆಯನ್ನು ಹೊಡೆದೆ.

"ಈ ಆನೆ ಎಲ್ಲಿಂದ ಬಂತು?"

"ಅಲ್ಲೇ ಇತ್ತಲ್ಲ ರೀ."

"ಎಲ್ಲಿತ್ತು? ಇರ್ಲಿಲ್ಲ ಬುಡು."

ಆ ಆಟವನ್ನು ನಾನು ಗೆದ್ದೆ. ಗೆದ್ದೆನೆಂಬ ಸಂತೋಷ ಎಳ್ಳಷ್ಟೂ ಇರಲಿಲ್ಲ. ನನ್ನಂಥವಳ ಕೈಲಿ ಸೋಲುವ ಮನುಷ್ಯ ಆ ಆಟಗಳನ್ನೆಲ್ಲ ಹೇಗೆ ಗೆದ್ದರು? ಎದುರಿಗೆ ಕೂತಿದ್ದವರ ಮುಖ ಪೆಚ್ಚಾಗಿತ್ತು. ಅದೂ ನನಗೆ ನಟನೆಯಂತೆ ಕಂಡಿತು.

"ರೀ, ನಿಜ ಹೇಳಿ. ಯಾರು ಹೇಳಿಕೊಡ್ತಿದ್ರು?"

 "ನೀನೂ ಚೆಕಿಂಗ್ನೋಳಾಗ್ಬುಟ್ಯಾ?" ಅಂದು ಕೋಲು ಹಿಡಿದು ಒಳಗೆ ಹೋದರು. ಹೋಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ತಗುಲಿತು. ಯಾವಾಗಲೂ ತಗುಲುತ್ತಿತ್ತು. ಕಾಲಿನ ದೋಷ ಎಂದುಕೊಂಡಿದ್ದೆ.

ದಸರಾ ರಜೆ ಬಂತು. ಎಷ್ಟೋ ದಿನಗಳ ನಂತರ ನಾನು ವಾರದ ದಿನ ಬೆಳಗ್ಗೆ ಮನೆಯಲ್ಲಿದ್ದೆ. ತಿಂಡಿ ಮುಗಿಸಿ ಸೊಪ್ಪು ಸೋಸುತ್ತಿದ್ದಾಗ ಇವರ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿ ಮಾತಾಡುವುದು ಇವರ ರೂಢಿ, ಒಂದೇ ಕೈಯಲ್ಲವೇ.

"ಕಂಡಕ್ಟ್ರೇ, ರೆಡಿನಾ? ಊರಿಂದ ಬಂದೆ, ಇವತ್ತು ಎರಡು ಆಟ ಹಾಕೋಣ."

ಭಾಯಿಯ ದನಿ. ಖಾತೆ ಮುಚ್ಚುವ ಮುಂಚೆಯೇ ಅಣ್ಣನ ಮಗಳ ಮದುವೆಗೆಂದು ಹೈದರಾಬಾದಿಗೆ ಹೋಗಿ ವಾರಗಟ್ಟಲೆ ಅಲ್ಲೇ ಇದ್ದವರು ಆಗಷ್ಟೇ ವಾಪಸು ಬಂದಿದ್ದರು.

"ಎಲ್ಲಿ ಆಟ ಭಾಯಿ! ನನ್ನ ಅಕೌಂಟ್ ಮುಚ್ಚಾಕ್ಬುಟ್ರು. ಮೋಸ ಮಾಡಿದೀನಂತೆ" ಅಂದರು ಇವರು.

ಆ ಕಡೆಯಿಂದ ಹೊಲಿಗೆ ಮಷಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. "ಅಚ್ಛಾ" ಅಂದರು ಭಾಯಿ. "ಆಮೇಲೆ ಮಾಡ್ತೀನಿ" ಎಂದು ಇಟ್ಟರು.

ನಾನು ಸೊಪ್ಪು ಬಿಟ್ಟು ಎದ್ದೆ. ಯಾಕೆ ಮುಚ್ಚಿದರು, ಯಾರು ಮುಚ್ಚಿದರು, ಯಾವ ಮೋಸ ಅಂತ ಆ ಮನುಷ್ಯ ಒಂದು ಮಾತು ಕೇಳಲಿಲ್ಲ. ಕೇಳದೆ ಇರುವವನಿಗೆ ಉತ್ತರ ಗೊತ್ತಿರುತ್ತದೆ.

"ದಿನಾ ಇವರ ಜೊತೆನಾ ಆಡ್ತಿದ್ದದ್ದು?"

"ಜೊತೆಗಲ್ಲ ಕಣಮ್ಮ. ನಾನು ಆಡ್ತೀನಿ, ಅವನು ಅಲ್ಲಿಂದ ನೋಡ್ತಾನೆ. ಯಾರು ಬೇಕಾದ್ರೂ ನೋಡ್ಬೋದು ಅದ್ರಲ್ಲಿ. ಇಬ್ರೂ ಮಾತಾಡ್ಕಂಡು ಆಡ್ತೀವಿ. ಹಾಲ್ಟಿಂಗ್‌ನಲ್ಲಿ ಆಡ್ತಿರ್ಲಿಲ್ವಾ, ಅಂಗೆ."

"ಬೇರೆಯವರ ಸಹಾಯ ತಗೋಬಾರದು ಅಂತ ನಿಯಮ ಓದಿ ಹೇಳಿದ್ನಲ್ಲ ರೀ!"

"ಬೇರೆಯೋರು ಅಂದ್ರೆ ಯಾರೋ ಅನ್ಕಂಡೆ. ಭಾಯಿ ಬೇರೆಯೋನಾ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು. "ಅವನು ಹಿಂದೆ ಆಡ್ತಿದ್ದಕ್ಕಿಂತ ಈಗ ಭಾರೀ ಚೆನ್ನಾಗಿ ಆಡ್ತಾನೆ ಕಣೇ. ರಿಟೈರ್ ಆದ್ಮೇಲೆ ತಲೆ ಓಡ್ತಾ ಐತೆ ಅವನಿಗೆ."

ಬಸ್ಸಿನ ಹಿಂದಿನ ಸೀಟಿನಲ್ಲಿ ಇವರ ಕೈಲಿ ದಿನಾ ಸೋಲುತ್ತಿದ್ದವರು ಭಾಯಿ. ಈಗ ರಷ್ಯಾದವರನ್ನು ಸೋಲಿಸುವ ಉಪಾಯ ಹೇಳಿಕೊಡುತ್ತಿದ್ದಾರೆ.

ಮಾರನೆಯ ದಿನ ನನ್ನ ಜೊತೆ ಕೆಲಸ ಮಾಡುವ ಟೀಚರ ಮನೆಗೆ ಹೋಗಿಬರುತ್ತೇನೆ ಎಂದು ಇವರಿಗೆ ಹೇಳಿ ಶಿರಾ ಬಸ್ಸು ಹತ್ತಿದೆ. ಭಾಯಿ ನಿವೃತ್ತರಾದ ಮೇಲೆ ತಮ್ಮನ ಸೀಟ್ ಕವರ್ ಅಂಗಡಿಯಲ್ಲಿ ಕೂರುತ್ತಾರೆಂದು ಗೊತ್ತಿತ್ತು. ಲಾರಿ ಗ್ಯಾರೇಜುಗಳ ಸಾಲಿನಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ಟ್ರ್ಯಾಕ್ಟರಿನ ಸೀಟಿಗೆ ರೆಗ್ಝಿನ್ ಹೊಲಿಯುತ್ತಿದ್ದವರು ನನ್ನನ್ನು ನೋಡಿದ್ದೇ ತಟ್ಟನೆ ಎದ್ದು ನಿಂತರು. ಬನ್ನಿ ಭಾಬಿ ಎಂದು ಕೂರಿಸಿ, ಚಹಾ ತರಿಸಿದರು. ಕಂಡಕ್ಟ್ರು ಹೆಂಗಿದಾರೆ ಎಂದು ಮಾತ್ರ ಕೇಳಲಿಲ್ಲ.

ನಾನು ಚಹಾ ಮುಟ್ಟದೆ ಕೇಳಿದೆ. "ಭಾಯಿ, ಆ ನಡೆಗಳನ್ನೆಲ್ಲ ನೀವೇ ಯೋಚನೆ ಮಾಡಿ ಹೇಳ್ತಿದ್ರಾ?"

ಅವರು ಸೂಜಿಯನ್ನು ರೆಗ್ಝಿನ್ನಿಗೆ ಚುಚ್ಚಿಟ್ಟರು.

"ಸುಳ್ಳು ಹೇಳಲ್ಲ ಭಾಬಿ. ನಂದು ಇನ್ನೊಂದು ಫೋನೈತೆ. ಅದ್ರಲ್ಲಿ ಒಂದು ಆ್ಯಪ್. ಅವ್ರ ಆಟ ನೋಡ್ಕೊಂಡು ಅದ್ರಲ್ಲಿ ಇಟ್ರೆ ಅದೇ ಹೇಳುತ್ತೆ, ಘೋಡಾ ಇಲ್ಲಿ ಇಡು, ಹಾಥಿ ಅಲ್ಲಿ ಇಡು. ನಾನು ನಂದೇ ಮಾತು ಥರ ಅವ್ರಿಗೆ ಹೇಳ್ತಿದ್ದೆ. ಕಂಡಕ್ಟ್ರಿಗೆ ಗೊತ್ತಿಲ್ಲ. ಕಸಂ, ಆಣೆ ಮಾಡಿ ಹೇಳ್ತೀನಿ."

ಹಾಗಾದರೆ ಕಳ್ಳತನ ಆಗಿದ್ದು ನಿಜ. ಕೆಂಪಕ್ಷರದ ಆ ತೀರ್ಪು ನಿಜ. ನನ್ನ ಅನುಮಾನವೂ ನಿಜ, ತಪ್ಪು ಮನುಷ್ಯನ ಮೇಲೆ ಬಿದ್ದಿತ್ತು ಅಷ್ಟೆ. ನನಗೆ ಸಿಟ್ಟು ಉಕ್ಕಿತು.

"ಯಾಕೆ ಹೀಗೆ ಮಾಡಿದ್ರಿ? ಕಾಯಿಲೆ ಮನುಷ್ಯನಿಗೆ ಕಳ್ಳ ಅನ್ನಿಸಿಕೊಳ್ಳೋ ಹಾಗೆ!"

"ಅವ್ರಿಗೆ ಎಡಗಡೆ ಕಾಣಲ್ಲ ಭಾಬಿ" ಅಂದರು ಭಾಯಿ.

"ಕಣ್ಣು ಚೆನ್ನಾಗಿದೆ. ಡಾಕ್ಟ್ರು ನೋಡಿದಾರೆ."

"ಕಣ್ಣಲ್ಲ. ನೋಡೋದೇ ಇಲ್ಲ ಆ ಕಡೆ. ಮೊದಲು ನಾನು ಬರೀ ನೋಡ್ತಿದ್ದೆ ಅವ್ರ ಆಟ. ಬಲಗಡೆ ಎಲ್ಲಾ ಸರಿ ಆಡೋರು, ಮೊದಲಿನ ಹಂಗೇ. ಎಡಗಡೆಯಿಂದ ಯಾರು ಬಂದ್ರೂ ಹೊಡೆಸ್ಕೊಳ್ಳೋರು. ಒಂದು ದಿನ ಅಲ್ಲ, ದಿನಾ. ಕಂಡಕ್ಟ್ರೇ, ಎಡಗಡೆ ನೋಡಿ ಅಂದ್ರೆ, ಕಾಣ್ತಾ ಐತೆ ಬುಡಪ್ಪ ಅಂತ ರೇಗೋರು. ಇಪ್ಪತ್ತು ವರ್ಷದ ಮೇಲೆ ನಾವು ಗಾಡಿ ಓಡ್ಸಿದೀವಿ. ನಾನು ಬಲಗಡೆ ಕೂರೋನು. ಗಾಡಿ ಎಡಗಡೆ ಏನೈತೆ ನಂಗೆ ಏನ್ ಗೊತ್ತು? ಅವ್ರು ಬಾಗ್ಲಲ್ಲಿ ನಿಂತು ಬರ್ಲಿ ಬರ್ಲಿ ಅಂದ್ರೆ ಬರೋದು, ಹೋಲ್ಡಾನ್ ಅಂದ್ರೆ ನಿಲ್ಲೋದು. ಒಂದು ದಿನ ಒಂದು ಕುರಿಗೆ ತಗುಲಿಲ್ಲ ನಮ್ಮ ಗಾಡಿ."

ಅವರು ಕೈಗೆ ಮೆತ್ತಿದ್ದ ಅಂಟನ್ನು ಉಜ್ಜಿಕೊಂಡರು.

"ಎಡಗಡೆ ನಾನು ಹೇಳೋಣ ಅಂತ ಫೋನ್ ಶುರು ಮಾಡ್ದೆ. ಆದ್ರೆ ನಂದು ಆಟ ಎಷ್ಟು? ಇಬ್ರೂ ಸೇರಿ ಸೋತ್ವಿ. ಒಂದು ದಿನ ಅಂದ್ರು, ಭಾಯಿ, ನನ್ನ ತಲೆನೂ ಹೋಯ್ತು, ಇನ್ನೇನು ಉಳೀತು ಅಂತ. ಆಗ ಆ್ಯಪ್ ಹಾಕ್ಕೊಂಡೆ. ಒಂದು ಆಟ ಗೆಲ್ಸಿ ಬಿಡೋಣ ಅಂತ. ಗೆದ್ದ ದಿನ ಏನಂದ್ರು ಗೊತ್ತಾ? ಆಟ ವಾಪಸ್ ಬಂತು ಭಾಯಿ, ಇನ್ನು ಕೈನೂ ಬರ್ತದೆ ಅಂದ್ರು. ಆಮೇಲೆ ಹೆಂಗೆ ನಿಲ್ಸೋದು ಹೇಳಿ? ಭಾನುವಾರ ಅಂಗಡಿ ರಶ್, ಆಗ್ತಿರ್ಲಿಲ್ಲ. ಬಾಕಿ ದಿನ ಮಾಡ್ದೆ. ಅವ್ರಿಗೆ ಹೇಳೋದು ನಕ್ಕೋ, ಬ್ಯಾಡ ಭಾಬಿ, ಕೈ ಮುಗೀತೀನಿ."

ನಾನು ಎದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಭಾಯಿಯ ಮಾತನ್ನು ನಂಬಬೇಕೋ ಬೇಡವೋ ಎಂದು ಯೋಚಿಸುತ್ತಲೇ ಇದ್ದೆ. ಸಿಕ್ಕಿಬಿದ್ದವರೆಲ್ಲ ಒಂದು ಒಳ್ಳೆಯ ಕಾರಣ ಹೇಳುತ್ತಾರೆ. ನೋಡಿ ಬರೆದ ಹುಡುಗನಿಗೂ ಅಜ್ಜಿಗೆ ಹುಷಾರಿರುವುದಿಲ್ಲ. ಎಡಗಡೆ ನೋಡುವುದಿಲ್ಲ ಎಂಬ ಕಾಯಿಲೆ ಇರುತ್ತದೆಯೇ? ಇದ್ದರೆ ಒಂದೇ ಮನೆಯಲ್ಲಿರುವ ನನಗೆ ಕಾಣದೆ ಶಿರಾದಲ್ಲಿ ಕೂತವರಿಗೆ ಕಂಡಿತೇ?

ಆ ಸಂಜೆ ಬೇಗನೆ ಊಟಕ್ಕೆ ಹಾಕಿದೆ. ಬಲಗಡೆ ಮುದ್ದೆ, ಸಾರು. ಎಡಗಡೆ ಹುರುಳಿಕಾಯಿ ಪಲ್ಯ, ಪಕ್ಕದಲ್ಲಿ ಉಪ್ಪಿನಕಾಯಿ. ಇವರು ಮುದ್ದೆ ಮುಗಿಸಿದರು. ಪಲ್ಯ ಹಾಗೇ ಇತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ಪಲ್ಯ ಮುಟ್ಟುತ್ತಿರಲಿಲ್ಲ. ಬಾಯಿರುಚಿ ಕೆಟ್ಟಿದೆ ಎಂದು ನಾನು ದಿನಕ್ಕೊಂದು ಥರ ಮಾಡಿ ಸೋತಿದ್ದೆ.

"ಪಲ್ಯ ಯಾಕೆ ಬಿಟ್ರಿ?"

"ನೀನು ಎಲ್ಲಿ ಹಾಕ್ದೆ?"

ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಪಲ್ಯ ಬಲಗಡೆಗೆ ಬಂತು.

"ಓ, ಹುರುಳಿಕಾಯಾ! ಯಾವಾಗ ಬಡಿಸ್ದೆ? ಗೊತ್ತೇ ಆಗ್ಲಿಲ್ಲ" ಅಂದವರು ಅದನ್ನೆಲ್ಲ ಚೊಕ್ಕವಾಗಿ ತಿಂದು ಇನ್ನೂ ಸ್ವಲ್ಪ ಕೇಳಿದರು.

ಬಡಿಸುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಎಡಗೆನ್ನೆಯಲ್ಲಿ ಉಳಿಯುತ್ತಿದ್ದ ಗಡ್ಡ, ಚೌಕಟ್ಟಿಗೆ ಬಡಿಯುತ್ತಿದ್ದ ಭುಜ, ಎಡಗಡೆ ನಿಂತು ಕರೆದರೆ ಬಲಗಡೆ ಹುಡುಕುತ್ತಿದ್ದದ್ದು. ಎಲ್ಲವನ್ನೂ ನೋಡಿದ್ದೆ. ಪ್ರತಿಯೊಂದಕ್ಕೂ ಒಂದೊಂದು ಕಾರಣ ನಾನೇ ಕೊಟ್ಟುಕೊಂಡಿದ್ದೆ.

ಇವರನ್ನು ಕರೆದುಕೊಂಡು ಹೋದಾಗ ತುಮಕೂರಿನ ಡಾಕ್ಟರು ಕಾಗದದ ಮೇಲೆ ಒಂದು ಗೀಟು ಎಳೆದು, ಇದರ ನಡುವೆ ಗುರುತು ಹಾಕಿ ಎಂದು ಇವರಿಗೆ ಕೊಟ್ಟರು. ಇವರು ಬಲತುದಿಯ ಹತ್ತಿರ ಗುರುತು ಹಾಕಿ ಸರಿಯಾಯಿತೆಂಬಂತೆ ತಲೆಯೆತ್ತಿದರು. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಕಣ್ಣು ನೋಡಿದರೂ ಗಮನ ಆ ಕಡೆ ಹೋಗುವುದಿಲ್ಲ, ಹೋಗುತ್ತಿಲ್ಲ ಎಂಬುದೂ ಅವರಿಗೆ ತಿಳಿಯುವುದಿಲ್ಲ ಎಂದರು ಡಾಕ್ಟರು. ಅಭ್ಯಾಸ ಮಾಡಿಸಿದರೆ ಎಷ್ಟೋ ಸುಧಾರಿಸುತ್ತದೆ, ಎಡಗಡೆ ಕೆಂಪು ಗುರುತಿಟ್ಟು ಅಲ್ಲಿಂದ ನೋಡಲು ಶುರುಮಾಡುವುದನ್ನು ರೂಢಿಸಿ ಎಂದರು. ಇವರು ಎಲ್ಲವನ್ನೂ ಕೇಳಿಸಿಕೊಂಡರು. ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಕೇಳಿದರು.

"ಎಡಗಡೆ ಕಾಣ್ದೆ ನಾನು ಅಷ್ಟು ಆಟ ಹೆಂಗೆ ಗೆದ್ದೆ?"

 ಮನೆಗೆ ಬಂದು ಭಾಯಿಗೆ ಫೋನು ಮಾಡಿದೆ. "ನಾನು ಹೇಳಲ್ಲ. ನೀವೇ ಬಂದು ಹೇಳಿ" ಅಂದೆ.

ಅವರು ಮರುದಿನವೇ ಬಂದರು. ಕುರ್ಚಿ ತೋರಿಸಿದರೂ ಕೂರದೆ ನಿಂತುಕೊಂಡೇ ಎಲ್ಲ ಹೇಳಿದರು.  ಮುಗಿದ ಮೇಲೆ ಇವರು, "ಅಂಗಾದ್ರೆ ನಾನು ಒಂದೂ ಗೆದ್ದಿಲ್ವಾ ಭಾಯಿ?" ಎಂದರು.

ಭಾಯಿ ತಲೆ ಬಗ್ಗಿಸಿದರು.

"ಆ ರಷ್ಯಾದೋನು?"

"ಅದೂ ಆ್ಯಪ್ಪೇ."

"ಸರಿ, ನೀನು ಹೊರಡು" ಅಂದರು ಇವರು. ಭಾಯಿ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ತಿರುಗಿದೆ. ಗೇಟಿನ ಸದ್ದಾಯಿತು.

ಆಮೇಲೆ ದಿನಾ ಬೆಳಗ್ಗೆ ಫೋನು ಹೊಡೆದುಕೊಳ್ಳುತ್ತಿತ್ತು, ಇವರು ಎತ್ತುತ್ತಿರಲಿಲ್ಲ. ಹೊಡೆದುಕೊಂಡು ಹೊಡೆದುಕೊಂಡು ಅದೇ ಸುಮ್ಮನಾಗುತ್ತಿತ್ತು. ನಾನು ಚೆಸ್ ಮಣೆಯ ಎಡ ಅಂಚಿಗೆ, ತಟ್ಟೆಯ ಎಡ ಅಂಚಿಗೆ, ಬಾಗಿಲ ಎಡ ಚೌಕಟ್ಟಿಗೆ ಕೆಂಪು ಟೇಪು ಅಂಟಿಸಿದೆ. ದಿನಾ ಸಂಜೆ ಇಬ್ಬರೂ ಮಣೆಯ ಮುಂದೆ ಕೂತೆವು. ಪ್ರತಿ ನಡೆಗೂ ಮುಂಚೆ "ಕೆಂಪು ಎಲ್ಲಿ?" ಎಂದು ಕೇಳುತ್ತಿದ್ದೆ. ಅವರು ಕತ್ತು ತಿರುಗಿಸಿ, ತಿರುಗಿಸಿ, ಟೇಪು ಸಿಕ್ಕಿದ ಮೇಲೆ ಅಲ್ಲಿಂದ ಒಂದೊಂದೇ ಮನೆ ನೋಡಿಕೊಂಡು ಬರುತ್ತಿದ್ದರು. ಒಂದು ನಡೆಗೆ ಎಷ್ಟು ಹೊತ್ತಾದರೂ ಆಗಲಿ ಎಂದು ಕಾಯುತ್ತಿದ್ದೆ. ನಾನು ಗೆಲ್ಲುವುದು ನಿಂತಿತು. ಬೇಕೆಂದೇ ಸೋತೆಯಾ ಎಂದು ಈಗ ಅವರು ನನ್ನನ್ನು ಕೇಳತೊಡಗಿದರು. ಒಂದೊಂದು ಸಲ ಕಾಯಿಗಳನ್ನು ಹಿಂದಕ್ಕೆ ಜೋಡಿಸಿ, "ಇಲ್ಲಿ ನೀನು ಒಂಟೆ ಯಾಕೆ ನಡೆಸ್ಲಿಲ್ಲ?" ಎಂದು ವಿಚಾರಣೆ ಮಾಡುತ್ತಿದ್ದರು. ನನ್ನ ಮೇಲೂ ನಂಬಿಕೆ ಹೋಗಿತ್ತು.

ಚಳಿ ಶುರುವಾದ ಒಂದು ಬೆಳಗ್ಗೆ ಟ್ಯಾಬ್ ತಂದು ನನ್ನ ಮುಂದಿಟ್ಟರು.

"ಒಪ್ಕಂತೀನಿ ಅಂತ ಬರಿ."

"ನೀವು ಮಾಡಿಲ್ಲವಲ್ಲ. ಭಾಯಿ ಮಾಡಿದ್ದು ಅಂತ ವಿವರವಾಗಿ ಬರೀತೀನಿ."

"ಬ್ಯಾಡ. ಟಿಕೆಟ್ ಇಲ್ದೋನು ಬಸ್ಸಲ್ಲಿ ಸಿಕ್ಕಿದ್ರೆ ಚೆಕಿಂಗ್ನೋರು ಕಂಡಕ್ಟ್ರನ್ನೇ ಕೇಳೋದು. ಅವನು ಹತ್ತಿದ್ದು ನಂಗೆ ಗೊತ್ತಾಗ್ಲಿಲ್ಲ ಅಂದ್ರೆ ಬುಡ್ತಾರಾ? ನನ್ನ ಕೈಲಿ ನಡೆಸಿದ ಕಾಯಿ. ನಾನೇ ಒಪ್ಕಬೇಕು."

ಬರೆದೆ. ಸಂಪರ್ಕಿಸಿದ್ದಕ್ಕೆ ಧನ್ಯವಾದ ಎಂದು ಬಂತು. ಹೊಸ ಖಾತೆ ತೆರೆಯಿತು. ಎದುರಾಳಿಗಳು ತಳಮಟ್ಟದವರು, ಆದರೂ ಇವರು ಸೋಲುತ್ತಿದ್ದರು. ಟ್ಯಾಬಿನ ಎಡ ಅಂಚಿನಲ್ಲೂ ಟೇಪಿತ್ತು. ಗಡಿಯಾರ ಓಡುತ್ತಿರುವಾಗ ಕತ್ತು ತಿರುಗಿಸಿ ಹುಡುಕಲು ಹೊತ್ತು ಸಾಲದು. ಸೋತರೂ ಎಸೆಯುತ್ತಿರಲಿಲ್ಲ. ನನಗೆ ಮಾತ್ರ ಎದುರಾಳಿಗಳ ಮೇಲೆ ಅನುಮಾನ. ಇಷ್ಟು ಬೇಗ ನಡೆಸುವವನು ಮನುಷ್ಯನೇ? ಅವನ ಪಕ್ಕ ಯಾರು ಕೂತಿದ್ದಾರೆ? ಇವರನ್ನು ಕೇಳಿದರೆ, "ನೋಡ್ಕಳಕ್ಕೆ ಚೆಕಿಂಗ್ನೋರು ಅವ್ರೆ, ಬುಡು" ಎನ್ನುತ್ತಿದ್ದರು.

ಸಂಕ್ರಾಂತಿ ಹತ್ತಿರವಿದ್ದಾಗ ಒಂದು ದಿನ ಇವರೇ ಭಾಯಿಗೆ ಫೋನು ಮಾಡಿದರು. "ಬಾ. ಫೋನು ಎರಡೂ ಮನೇಲಿ ಬುಟ್ಟು ಬಾ" ಅಂದರು. ಭಾನುವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಭಾಯಿ ಬಂದರು. ಬಾಗಿಲಲ್ಲೇ ಜೇಬುಗಳನ್ನು ಹೊರಗೆಳೆದು ನನಗೆ ತೋರಿಸಿದರು. ನಾನು ನಗಲಿಲ್ಲ, ನೋಡಿದೆ. ಅವರು ಇವರ ಎಡಗಡೆಯ ಕುರ್ಚಿಗೆ ಹೋದರು. "ಅಲ್ಲಿ ಬ್ಯಾಡ, ಈ ಕಡೆ ಕೂತ್ಕೋ. ಎಡಗಡೆ ನಾನೇ ನೋಡ್ಕಂತೀನಿ" ಅಂದರು ಇವರು.

ಟ್ಯಾಬಿನಲ್ಲಿ ಯಾರೋ ಅಪರಿಚಿತನ ಜೊತೆ ಆಟ ಶುರುವಾಯಿತು. ನಾನು ಬಾಗಿಲಿಗೆ ಒರಗಿ ಇಬ್ಬರನ್ನೂ ಕಾಯುತ್ತಿದ್ದೆ, ಪರೀಕ್ಷೆಯ ಕೊಠಡಿಯಲ್ಲಿ ನಿಲ್ಲುವ ಹಾಗೆ. ಭಾಯಿ ಬಾಯಿ ಬಿಡದಂತೆ ಕೈ ಅಡ್ಡ ಹಿಡಿದುಕೊಂಡಿದ್ದರು. ನಡುವೆ ಎದುರಾಳಿಯ ಒಂಟೆ ಎಡಗಡೆಯ ಮೂಲೆಯಿಂದ ಇವರ ಕುದುರೆಯ ಮೇಲೆ ಕಣ್ಣಿಟ್ಟು ಕೂತಿತು. ನನಗೆ ಕಂಡಿತು.

ಭಾಯಿಗೂ ಕಂಡಿರಬೇಕು. ಅವರ ಮೊಣಕಾಲು ಕುಣಿಯತೊಡಗಿತು. ಇವರು ಬಲಗಡೆಯ ಪದಾತಿಯ ಮೇಲೆ ಬೆರಳಿಡಲು ಹೋದರು. ಭಾಯಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಅದೂ ಆಗದೆ ಎದ್ದು, ಚಪ್ಪಲಿ ಕೂಡ ಹಾಕಿಕೊಳ್ಳದೆ ಅಂಗಳಕ್ಕೆ ಹೋಗಿ, ನಮಗೆ ಬೆನ್ನು ಮಾಡಿ ಗೇಟು ಹಿಡಿದುಕೊಂಡು ನಿಂತರು.

ಇವರ ಬೆರಳು ನಿಂತಿತು. ಕತ್ತು ನಿಧಾನಕ್ಕೆ ಎಡಗಡೆ ತಿರುಗತೊಡಗಿತು.